ಬಿಟ್ಟ ಗೆರೆ

ಸಾವಿರ ವರ್ಷದ ಹಿಂದೆ ಚೀನಾದಲ್ಲಿ ರಾಜನ ಹೆಸರಿನ ಅಕ್ಷರವನ್ನು ಯಾರೂ ಪೂರ್ತಿ ಬರೆಯುತ್ತಿರಲಿಲ್ಲ. ಮರ್ಯಾದೆಗೆಂದು ಕಡೆಯ ಗೆರೆಯನ್ನು ಬಿಡುತ್ತಿದ್ದರು, ಬಿಡದವನಿಗೆ ಬೆತ್ತದೇಟು. ನಮ್ಮ ವಿಭಾಗದ ಸಂಶೋಧಕಿ ಆ ಬಿಟ್ಟ ಗೆರೆಗಳನ್ನೇ ಹಿಡಿದು, ಒಂದು ತತ್ತ್ವಗ್ರಂಥದ ಹಳೆಯ ಪ್ರತಿ ಯಾವ ರಾಜನ ಕಾಲದ್ದೆಂದು ಪತ್ತೆಮಾಡಿದ್ದಳು. ನಮ್ಮ ಮಹಾನುಭಾವ ಮುಖ್ಯಸ್ಥರು ಅವಳ ಪ್ರಬಂಧವನ್ನು ಅಚ್ಚಿಗೆ ಕೊಡುವಾಗ ಅಷ್ಟೂ ಅಕ್ಷರಗಳಿಗೆ ಗೆರೆ ಎಳೆದು ತುಂಬಿಸಿಬಿಟ್ಟರು.

“ಅರ್ಧಂಬರ್ಧ ಇದ್ವಲ್ಲಮ್ಮ, ತಿದ್ದಿದೆ,” ಎಂದರು, ಕಬ್ಬಿಣದ ಬೀರುವಿನ ಡ್ರಾಯರ್‌ನಲ್ಲಿ ಕೈಯಾಡಿಸುತ್ತ. “ಸತ್ತ ರಾಜರ ಮರ್ಯಾದೆ ಕಟ್ಕೊಂಡು ನಿಂಗೇನಾಗ್ಬೇಕು? ಬದುಕಿರೋರಿಗೆ ಕೊಡೋದು ಕಲಿ.”

ಅವಳು ಡ್ರಾಯರನ್ನು ಒದ್ದಳು. ಅವರು ಕೈ ಎಳೆದುಕೊಳ್ಳುವಷ್ಟರಲ್ಲಿ ಇನ್ನೊಮ್ಮೆ ಒದ್ದಳು. ಬೆರಳ ಮೂಳೆ ಮುರಿದ ಸದ್ದು ನನ್ನ ಮೇಜಿನವರೆಗೂ ಕೇಳಿಸಿತು. ಬಿಡಿಸಲು ಹೋದ ನನಗೂ ಮೂಗಿಗೊಂದು ಬಿತ್ತು. ಕರಡಿನ ಹಾಳೆಗಳ ಮೇಲೆಲ್ಲ ರಕ್ತ.

ಠಾಣೆಯಲ್ಲಿ ಅವರು ಬ್ಯಾಂಡೇಜು ಸುತ್ತಿದ ಕೈಯಲ್ಲೇ ದೂರಿಗೆ ರುಜು ಹಾಕಲು ಹೊರಟರು. ಹೆಸರಿನ ಕಡೆಯ ಗೆರೆ ಎಳೆಯುವ ಹೊತ್ತಿಗೆ ನೋವಿಗೆ ಪೆನ್ನು ಜಾರಿ ಬಿತ್ತು.

ಅವಳು ಬಗ್ಗಿ ನೋಡಿದಳು.

“ತಿದ್ಬೇಡಿ ಸರ್,” ಎಂದಳು. “ಈಗ ನೀವೂ ರಾಜರೇ.”