ಬನವ್ವನ ಈಗಿನ ಮುಖ

ಮಲಿಕಾಳ ಕೆಲಸಕ್ಕೆ ಗುಳೇದಗುಡ್ಡದ ಆ ಓಣಿಯಲ್ಲಿ ಇನ್ನೂ ಸರಿಯಾದ ಹೆಸರು ಸಿಕ್ಕಿರಲಿಲ್ಲ. ಕೆಳಗೆ ಅಪ್ಪ ಸುಭಾನಸಾಬ ಕುಪ್ಪಸದ ಖಣ ನೇಯುತ್ತಿದ್ದ, ಅದು ಕೆಲಸ. ಮೇಲಿನ ಕೋಣೆಯಲ್ಲಿ ಮಗಳು ಕೇಳಿದವರಿಗೆ ಚಿತ್ರ ಬರೆದುಕೊಡುತ್ತಿದ್ದಳು. ಅದಕ್ಕೆ ನೆರೆಯವರು ‘ಸುಮ್ನ ಕುಂತಿರ್ತಾಳ’ ಅನ್ನುತ್ತಿದ್ದರು. ಮದುವೆ ಪತ್ರಿಕೆಗೆ ಗಂಡು-ಹೆಣ್ಣಿನ ಚಿತ್ರ, ತೀರಿಹೋದ ಅಜ್ಜನ ಭಾವಚಿತ್ರ, ಏನು ಬಂದರೂ ಸರಿ. ಅವಳದೊಂದೇ ಕಟ್ಟುನಿಟ್ಟು: ಮೊದಲು ಪೆನ್ಸಿಲಿನ ಕರಡು ಕಳಿಸುತ್ತೇನೆ, ತಪ್ಪಿದ್ದರೆ ಆಗಲೇ ಹೇಳಿ, ಬಣ್ಣ ಬಿದ್ದ ಮೇಲೆ ಬಾಯಿ ತೆಗೆಯಬೇಡಿ. ಯಾರು ಕೇಳುತ್ತಾರೆ? ಎಲ್ಲ ಮುಗಿದ ಮೇಲೆ ‘ನಮ್ಮ ಹುಡುಗ ಇಷ್ಟು ಕರ್ರಗ ಇಲ್ರಿ’ ಎಂದು ತಗಾದೆ ತೆಗೆಯುತ್ತಿದ್ದರು. ಮನಸ್ಸಿನಲ್ಲೇ ಬೈದುಕೊಂಡು ಹುಡುಗನನ್ನು ಬೆಳ್ಳಗೆ ಮಾಡುತ್ತಿದ್ದಳು.

ಚೊಳಚಗುಡ್ಡದ ಕಸ್ತೂರಿ ಮಾತ್ರ ಯಾವ ತಪ್ಪನ್ನೂ ಹೇಳಲಿಲ್ಲ. ಎಡವಟ್ಟಾದದ್ದೇ ಅಲ್ಲಿ.

ಕಸ್ತೂರಿ ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ರೊಟ್ಟಿ-ಪಲ್ಯ ಮಾರುವವಳು. ಅವಳ ಮಗಳು ಬನವ್ವ ಆರು ವರ್ಷದವಳಿದ್ದಾಗ ಬಾದಾಮಿ ಸ್ಟೇಷನ್ನಿನ ಗದ್ದಲದಲ್ಲಿ ತಪ್ಪಿಸಿಕೊಂಡಿದ್ದಳು, ಮತ್ತೆ ಸಿಕ್ಕಿರಲಿಲ್ಲ. ಈಗ ಇದ್ದರೆ ಮಲಿಕಾಳ ಓರಗೆಯವಳು. ಮುಂದಿನ ಹಲ್ಲು ಬಿದ್ದಿದ್ದಾಗಿನ ಒಂದು ಸಾಲೆಯ ಫೋಟೋ ಹಿಡಿದು ಕಸ್ತೂರಿ ಬಂದಿದ್ದಳು.

"ಈಗ ಹೆಂಗ ಇರ್ತಾಳ, ಹಂಗ ತಗದು ಕೊಡ ತಂಗಿ. ಊರೂರಿಗೆ ಹಚ್ತೇನಿ. ಸಣ್ಣಾಕಿದ್ದಾಗಿನ ಫೋಟೋ ನೋಡಿ ಯಾರು ಗುರ್ತ ಹಿಡೀತಾರ?"

ಮಲಿಕಾ ಕರಡು ತೋರಿಸಿದಳು. ಕಸ್ತೂರಿ ಹೂಂ ಅಂದಳು. ಮೂಗು ಬದಲಿಸಿ ತೋರಿಸಿದಳು. ಅದಕ್ಕೂ ಹೂಂ.

"ಅಕ್ಕಾರ, ಎಲ್ಲಾದಕ್ಕೂ ಹೂಂ ಅಂದ್ರ ನಾ ಹೆಂಗ ತಿದ್ದಲ್ರಿ? ಗದ್ದ ಹಿಂಗಿರಬೇಕೋ, ಬ್ಯಾರೆ ಇರಬೇಕೋ?"

"ನಾ ಹೆಂಗ ಹೇಳ್ಲಿ ನನ್ನವ್ವಾ? ನಾನೂ ನೋಡಿಲ್ಲಲ್ಲ."

ಕಣ್ಣು ಫೋಟೋದಿಂದ ಬಂದವು. ಹಣೆ ತಾಯಿಯಿಂದ ಬಂತು. ಕೆನ್ನೆ, ಗದ್ದ, ಕುತ್ತಿಗೆ ಎಲ್ಲಿಂದ ತರಬೇಕು? ಚಿತ್ರ ಬರೆಯುವವರೆಲ್ಲ ಮಾಡುವಂತೆ ಮಲಿಕಾ ಎದುರಿಗೆ ಕನ್ನಡಿ ಇಟ್ಟುಕೊಂಡಳು. ಆ ವಯಸ್ಸಿನ ಹುಡುಗಿಯೊಬ್ಬಳು ಬೇಕಾಗಿತ್ತು, ಒಬ್ಬಳು ಅಲ್ಲೇ ಇದ್ದಳು. ತಿಂಗಳಿಂದ ತಡವರಿಸಿದ್ದ ಕೈ ಸರಾಗವಾಗಿ ಓಡಿತು. ಕಸ್ತೂರಿ ಮಲಿಕಾಳನ್ನು ಕಂಡದ್ದೆಲ್ಲ ತಲೆಯ ಮೇಲೆ ದುಪಟ್ಟಾ, ಮೂಗಿನ ಮೇಲೆ ದಪ್ಪ ಕನ್ನಡಕ ಇದ್ದಾಗ. ಚಿತ್ರದ ಹುಡುಗಿಗೆ ಎರಡೂ ಇರಲಿಲ್ಲ, ಹಣೆಯಲ್ಲೊಂದು ಬೊಟ್ಟಿತ್ತು.

"ಇಕೀನ," ಎಂದು ಕಸ್ತೂರಿ ಅತ್ತಳು. "ಇಕೀನ ನನ್ನ ಮಗಳು." ಮಲಿಕಾಳಿಗೆ ಹೆಮ್ಮೆಯಾಯಿತು. ಹೀಗೆ ಒಪ್ಪಿಕೊಂಡ ಗಿರಾಕಿ ಅವಳಿಗೆ ಅದುವರೆಗೂ ಸಿಕ್ಕಿರಲಿಲ್ಲ.

ಚಿತ್ರ ಬಾದಾಮಿಯ ಬಸ್‌ಸ್ಟ್ಯಾಂಡಿನ ಗೋಡೆ ಏರಿತು, ಬಾಗಲಕೋಟೆ, ಹುನಗುಂದ, ಇಳಕಲ್ಲಿಗೂ ಹೋಯಿತು. ಮಳೆಗಾಲ ಕಳೆಯಿತು. ಒಂದು ಮಧ್ಯಾಹ್ನ ಕಸ್ತೂರಿ ಮೆಟ್ಟಿಲು ಹತ್ತಿ ಓಡುತ್ತ ಬಂದಳು. ರೊಟ್ಟಿ ಬಡಿಯುತ್ತಿದ್ದವಳು ಹಾಗೇ ಎದ್ದುಬಂದಂತಿತ್ತು, ಕೈಯಲ್ಲಿ ಹಿಟ್ಟು ಒಣಗಿತ್ತು.

"ಸಿಕ್ಕಾಳ ತಂಗಿ! ನಿಮ್ಮೂರಾಗ ಅದಾಳಂತ! ಯಾರೋ ಅಂಗಡ್ಯಾವ್ರು ಫೋನ್ ಹಚ್ಚಿದ್ರು. ಮಾಳಿಗಿ ಮ್ಯಾಲೆ ಕೂದಲಾ ಒಣಗಸ್ಕೊಂತ ನಿಂತಿದ್ಲಂತ. ನನಗಿಲ್ಲಿ ನಿನ್ನ ಬಿಟ್ರ ಯಾರೂ ಗೊತ್ತಿಲ್ಲ. ನಡಿ, ಮನಿ ತೋರ್ಸು."

ಮಲಿಕಾ ಖುಷಿಯಿಂದ ಎದ್ದೇಬಿಟ್ಟಳು. "ಯಾವ ಓಣಿ ಅಂದ್ರಿ?"

"ಮಸೂತಿ ಹಿಂದಿಂದು. ಕೆಳಗ ಮಗ್ಗ ಐತಂತ, ಮ್ಯಾಲೆ ನೀರಿನ ನೀಲಿ ಟಾಕಿ. ಬಾಗಲಾ ಹಸರಂತ."

ಕೆಳಗೆ ಅಪ್ಪನ ಮಗ್ಗ ಬಡಿಯುತ್ತಲೇ ಇತ್ತು. ಹಸಿರು ಬಾಗಿಲು ದಾಟಿಯೇ ಮೇಲೆ ಬಂದದ್ದು ಆ ಆತುರದಲ್ಲಿ ಕಸ್ತೂರಿಗೆ ಹೊಳೆದಿರಲಿಲ್ಲ. ಮಲಿಕಾ ನಿಂತಲ್ಲೇ ಕುಳಿತಳು. ಸುಳ್ಳು ಹೇಳಿ ಕಳಿಸೋಣವೆಂದರೆ ಈಕೆ ಊರಿನ ಬಾಗಿಲುಗಳನ್ನೆಲ್ಲ ತಟ್ಟಿಯೇ ತೀರುವವಳು. ನಿಜ ಹೇಳೋಣವೆಂದರೆ ಸಿಕ್ಕ ಮಗಳನ್ನು ಮತ್ತೆ ಕಸಿದುಕೊಂಡಂತೆ.

"ಯಾಕ ಕುಂತಿ? ಏಳ! ಎಲ್ಲೆರ ಹೋಗಿಬಿಟ್ಟಾಳು."

"ಎಲ್ಲೂ ಹೋಗೂದಿಲ್ರಿ," ಎಂದು ಮಲಿಕಾ ಕನ್ನಡಕ ತೆಗೆದಳು, ದುಪಟ್ಟಾ ಹಿಂದಕ್ಕೆ ಸರಿಸಿದಳು. "ಅದು ಇದ ಮನಿರಿ. ಅವರು ನೋಡಿದ್ದು ನನ್ನ. ಚಿತ್ರ ತೆಗಿಯೂಮುಂದ ನಾ ಕನ್ನಡಿ ನೋಡ್ಕೊಂಡೆ ಅಕ್ಕಾರ."

ಕನ್ನಡಕವಿಲ್ಲದ ಕಣ್ಣಿಗೆ ಎದುರಿನ ಮುಖ ಮಸುಕಾಗಿತ್ತು. ಆದರೂ ಒಂದು ಗಳಿಗೆ ಅದು ಅರಳಿದ್ದು ಮಲಿಕಾಳಿಗೆ ಕಂಡಿತು. ಕಸ್ತೂರಿ ಎರಡೂ ಕೈ ಚಾಚಿ ಮುಂದೆ ಬಂದಳು, ‘ಬನೂ’ ಎಂದಳು. ಆಮೇಲೆ ಕೇಳಿದ ಮಾತು ತಲೆಗೆ ಹತ್ತಿತೋ ಏನೋ, ಕೈ ಕೆಳಗಿಳಿದವು. ಬೈದಿದ್ದರೆ ಮಲಿಕಾಳಿಗೆ ಎಷ್ಟೋ ಹಗುರಾಗುತ್ತಿತ್ತು. ಕಸ್ತೂರಿ ಬೈಯಲಿಲ್ಲ.

"ತಪ್ಪಾತ್ರಿ. ಬ್ಯಾರೆ ತೆಗೀತೇನಿ," ಎಂದಳು ಮಲಿಕಾ. ಯಾವ ಮುಖ ನೋಡಿ ತೆಗೆಯುವುದೆಂದು ಅವಳಿಗೇ ಗೊತ್ತಿರಲಿಲ್ಲ.

"ಬ್ಯಾಡ." ಕಸ್ತೂರಿ ಬಾಗಿಲಿನ ಚೌಕಟ್ಟು ಹಿಡಿದು ಕುಳಿತಳು. "ದಿನಾ ಅಕಿ ಜೋಡಿ ಮಾತಾಡೇ ಮಲಗ್ತೇನಿ. ಮೊದಲ ಕಣ್ಣ ಮುಚ್ಚಿದ್ರ ಸಣ್ಣ ಬನವ್ವ ಬರ್ತಿದ್ಲು. ಈಗ ಆ ಸಾಲಿ ಫೋಟೋ ನೋಡಿ ಮುಚ್ಚಿದ್ರೂ ನೀನ ಬರ್ತಿ. ಎಷ್ಟ ನೆನಸಿದ್ರೂ ನನ್ನ ಕೂಸಿನ ಮುಖ ನೆನಪಾಗವಲ್ದು ತಂಗಿ. ಅದನ್ನ ಎಲ್ಲಿ ಹುಡುಕ್ಲಿ ಹೇಳು?"