ಉತ್ತರಕ್ಕೆ ಕಾಯುವ ಹಾಡು

ಟಿವಿಯ ಸುದ್ದಿ ವಿಭಾಗದಲ್ಲಿ ಪಳಗಿ ಬಂದ ಎಡಿಟರ್‌ಗೆ ಆಫೀಸಿನವರು ಇಟ್ಟ ಹೆಸರು ಕತ್ತರಿ. ಯಾವ ದೃಶ್ಯ ಕೊಟ್ಟರೂ ಅದರ ಬೊಜ್ಜು ಕರಗಿಸಿ ಕೊಡುತ್ತಿದ್ದ. ದೊಡ್ಡವರ ಕೆಮ್ಮು, ತಿಳಿದವರ 'ಅಂದ್ರೆ, ಅದೇನಂದ್ರೆ' ಎಲ್ಲ ಅವನ ಕೈಯಲ್ಲಿ ಮಂಗಮಾಯ. ಅಂಥವನನ್ನು ಪುಟಾಣಿಗಳ ಹಾಡಿನ ಕಾರ್ಯಕ್ರಮಕ್ಕೆ ಹಾಕಿದಾಗ ಅವನು ಮೂಗು ಮುರಿದ. ಆದರೂ ಕೆಲಸ ಕೆಲಸವೇ.

ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಕ್ಕಳ ಕಾರ್ಯಕ್ರಮ ಅದು. ಹಳದಿ ಅಂಗಿಯ ಗಾಯಕಿಯೊಬ್ಬಳು ಬಟ್ಟೆಯ ಆಮೆಯೊಂದನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಣ್ಣ, ಎಣಿಕೆ, ಹಗಲು ರಾತ್ರಿ ಎಲ್ಲವನ್ನೂ ಹಾಡಿಯೇ ಹೇಳಿಕೊಡುತ್ತಿದ್ದಳು. ಮಕ್ಕಳು ಅವಳನ್ನು ಹಾಡಕ್ಕ ಅನ್ನುತ್ತಿದ್ದರು. ಅವಳದೊಂದು ಪದ್ಧತಿ. 'ದೊಡ್ಡ ಚೆಂಡು ಎಲ್ಲಿದೆ, ಹೇಳು ಮರಿ ಎಲ್ಲಿದೆ' ಎಂದು ಹಾಡಿ ಥಟ್ಟನೆ ನಿಲ್ಲುವಳು. ಡೋಲಕ್ಕೂ ನಿಲ್ಲುವುದು. ಹುಬ್ಬೇರಿಸಿ ಕ್ಯಾಮೆರಾವನ್ನೇ ನೋಡುತ್ತ ನಿಂತುಬಿಡುವಳು. ಆಮೇಲೆ, 'ಹಾಂ, ಅಲ್ಲೇ ಇದೆ!' ಎಂದು ಹಾಡು ಮತ್ತೆ ಓಡುವುದು.

ಕತ್ತರಿಗೆ ಆ ಮೌನ ಕಣ್ಣಿಗೆ ಬಿದ್ದ ಕಸದಂತೆ ಚುಚ್ಚಿತು. ಸುದ್ದಿಯಲ್ಲಿ ಯಾರಾದರೂ ಹೀಗೆ ಬಾಯಿ ಮುಚ್ಚಿ ನಿಂತರೆ ನೋಡುವವರು ಚಾನೆಲ್ ಬದಲಿಸಿ ಎದ್ದು ಹೋಗುತ್ತಾರೆ. ಅವನು ಎಲ್ಲ ಮೌನಗಳನ್ನೂ ಬುಡಸಮೇತ ಕಿತ್ತುಹಾಕಿದ. ಹಾಡು ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿನಂತೆ ಜರ್ರನೆ ಓಡಿತು. ನಿರ್ಮಾಪಕರು ಬೆನ್ನು ತಟ್ಟಿದರು. "ಈಗ ನೋಡಪ್ಪ, ಜೀವ ಬಂತು ಇದಕ್ಕೆ" ಅಂದರು.

ಅದು ಪ್ರಸಾರವಾಗುವ ದಿನ ಬೆಳಿಗ್ಗೆ ಅವನು ಅಕ್ಕನ ಮನೆಗೆ ಹೋದ. ಅಕ್ಕನ ಮಗಳಿಗೆ ಆಗಿನ್ನೂ ನಾಲ್ಕು ತುಂಬಿರಲಿಲ್ಲ. ಮನೆಯಲ್ಲಿ ಎಲ್ಲರೂ ಅವಳನ್ನು ಮೆಣಸಿನಕಾಯಿ ಎಂದೇ ಕರೆಯುತ್ತಿದ್ದರು, ಆ ಹೆಸರನ್ನು ಅವಳು ದುಡಿದೇ ಸಂಪಾದಿಸಿದ್ದಳು. ಹಾಡಕ್ಕನ ಸಮಯಕ್ಕೆ ಸರಿಯಾಗಿ ಪುಟ್ಟ ಕುರ್ಚಿಯನ್ನು ದರದರ ಎಳೆದು ತಂದು ಟಿವಿ ಮುಂದೆ ಕೂರುವಳು.

"ಇವತ್ತಿಂದು ನಿನ್ನ ಮಾಮ ಮಾಡಿದ್ದು ಕಣೇ" ಎಂದು ಅಕ್ಕ ಹೇಳಿದಳು. ಮೆಣಸಿನಕಾಯಿ ತಿರುಗಿಯೂ ನೋಡಲಿಲ್ಲ.

ಹಾಡು ಶುರುವಾಯಿತು. 'ಎಲ್ಲಿದೆ' ಎಂದು ಹಾಡಕ್ಕ ಕೇಳಿದ್ದೇ ತಡ, ಮಗು ಉಸಿರು ಎಳೆದುಕೊಂಡು ಬಾಯಿ ತೆರೆಯಿತು. ಅಷ್ಟರಲ್ಲಿ ಹಾಡಕ್ಕ 'ಹಾಂ, ಅಲ್ಲೇ ಇದೆ' ಅಂದಾಗಿತ್ತು. ಮಗುವಿನ ಬಾಯಿ ತೆರೆದಂತೆಯೇ ಉಳಿಯಿತು. ಮುಂದಿನ ಪ್ರಶ್ನೆಗೆ ಅವಳು ಎದ್ದು ನಿಂತು ಬೆರಳು ಚಾಚಿದಳು. ಬೆರಳು ಅರ್ಧ ದಾರಿಯಲ್ಲಿರುವಾಗಲೇ ಹಾಡಕ್ಕ ಶಹಭಾಸ್ ಅಂದಳು. ಮೂರನೆಯ ಪ್ರಶ್ನೆ ಬರುವ ಹೊತ್ತಿಗೆ ಮೆಣಸಿನಕಾಯಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತಿದ್ದಳು.

"ಏನಾಯ್ತು ಪುಟ್ಟಾ?" ಕತ್ತರಿ ಕೇಳಿದ.

"ಹಾಡಕ್ಕಂಗೆ ನನ್ನ ಮಾತು ಬೇಡ್ವಂತೆ."

"ಹಾಗಂತ ಯಾರು ಹೇಳಿದ್ರು?"

"ಅವಳೇ. ಕೇಳ್ತಾಳೆ, ಕೇಳಿಸ್ಕೊಳಲ್ಲ." ಗೋಡೆಯನ್ನೇ ನೋಡುತ್ತ ಹೇಳಿದಳು. "ನಂಗೆ ಗೊತ್ತಿತ್ತು ಮಾಮ. ದೊಡ್ಡ ಚೆಂಡು ಕುರ್ಚಿ ಕೆಳಗಿತ್ತು."

ಅಕ್ಕ ತಮ್ಮನ ಮುಖ ನೋಡಿದಳು. "ಹೋದ ತಿಂಗಳ ತನಕ ಇವಳಿಗೆ ಕೆಳಗೆ, ಮೇಲೆ, ಒಳಗೆ ಒಂದೂ ಗೊತ್ತಿರ್ಲಿಲ್ಲ ಕಣೋ. ಇದನ್ನ ನೋಡಿ, ಕೂಗಿ ಕೂಗಿಯೇ ಕಲಿತಿದ್ದು. ನೀನೇನು ಮಾಡ್ದೆ ಇದಕ್ಕೆ?"

ಅಕ್ಕ ಕೊಟ್ಟ ಕಾಫಿ ಅವನ ಕೈಯಲ್ಲೇ ಆರಿತು.

ಆಫೀಸಿಗೆ ಬಂದವನು ನೆಟ್ಟಗೆ ಹಾಡಕ್ಕನನ್ನು ಹುಡುಕಿಕೊಂಡು ಹೋದ. ಅವಳು ಮೇಕಪ್ ಕೋಣೆಯಲ್ಲಿ ಆಮೆಯ ಬಿಚ್ಚಿಹೋದ ಕಾಲನ್ನು ಹೊಲಿಯುತ್ತಿದ್ದಳು. ಅವಳೂ ಬೆಳಿಗ್ಗೆ ಕಾರ್ಯಕ್ರಮ ನೋಡಿದ್ದಳು; ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಮೇಡಂ, ನೀವು ಸುಮ್ನೆ ನಿಂತಿರ್ತೀರಲ್ಲ, ಆ ಹೊತ್ತಲ್ಲಿ ಏನು ಮಾಡ್ತೀರಿ?"

"ಕೇಳಿಸ್ಕೊಳ್ತೀನಿ" ಅಂದಳು ಅವಳು, ದಾರ ಕಚ್ಚಿ ಕಡಿಯುತ್ತ. "ಮಗು ಮೊದಲು ಹುಡುಕಬೇಕು, ಆಮೇಲೆ ಪದ ನೆನಪಾಗಬೇಕು, ಆಮೇಲೆ ನಾಲಿಗೆ ಹೊರಳಬೇಕು. ಅಷ್ಟೂ ಆಗೋ ತನಕ ನಿಂತಿರ್ತೀನಿ. ನೀವು ನನ್ನನ್ನ ಬಾಯಿಬಡುಕಿ ಮಾಡಿಬಿಟ್ರಿ."

"ತಪ್ಪಾಯ್ತು. ಸರಿ ಮಾಡ್ತೀನಿ."

ನಿರ್ಮಾಪಕರು ಒಪ್ಪುವ ಗಿರಾಕಿಯಲ್ಲ. "ಟಿವಿಯಲ್ಲಿ ಸುಮ್ನೆ ನಿಲ್ಲೋದು ಅಂದ್ರೆ ಅಂಗಡಿ ತೆಗೆದಿಟ್ಟು ನಿದ್ದೆ ಮಾಡಿದಂಗೆ" ಎಂದು ವಾದ ಹೂಡಿದರು. ಕತ್ತರಿ ವಾದಕ್ಕೆ ಇಳಿಯಲಿಲ್ಲ. ಅವರನ್ನು ಹಾಡಕ್ಕನ ಜೊತೆ ಹಿಂದಿನ ಬೀದಿಯ ಶಿಶುವಿಹಾರಕ್ಕೆ ಕರೆದೊಯ್ದ. ಮಕ್ಕಳ ಕಣ್ಣಿಗೆ ಬೀಳಬಾರದೆಂದು ಹಾಡಕ್ಕ ಬಾಗಿಲಾಚೆಯೇ ನಿಂತಳು. ಚಾಪೆಯ ಮೇಲೆ ಕೂತಿದ್ದ ಮಕ್ಕಳಿಗೆ ಮೊದಲು ಕತ್ತರಿಸಿದ ಹಾಡು ತೋರಿಸಿದರು. ಮಕ್ಕಳು ಕಲ್ಲು ಗೊಂಬೆಗಳಂತೆ ನೋಡಿದರು. ಒಬ್ಬಳು ಜಡೆಯ ತುದಿ ಚೀಪಿದಳು, ಇನ್ನೊಬ್ಬ ಪಕ್ಕದವನ ಕಾಲುಚೀಲ ಎಳೆಯತೊಡಗಿದ.

"ಎಷ್ಟು ಶಿಸ್ತಾಗಿ ನೋಡ್ತಿವೆ ನೋಡು" ಅಂದರು ನಿರ್ಮಾಪಕರು.

ಆಮೇಲೆ ಮೌನ ತುಂಬಿದ ಹಾಡು ಬಂತು. 'ಎಲ್ಲಿದೆ' ಎಂದು ಪರದೆಯ ಮೇಲಿನ ಹಾಡಕ್ಕ ನಿಂತಳು. ಒಂದು ಗಳಿಗೆ ಯಾರೂ ಪಿಟಕ್ಕೆನ್ನಲಿಲ್ಲ. ಜಡೆ ಬಾಯಿಂದ ಬಿತ್ತು. "ಮೇಲೆ" ಎಂದು ಒಂದು ದನಿ. "ಅಲ್ವೋ, ಕೆಳಗೆ" ಎಂದು ಇನ್ನೊಂದು. ಕೂಡಲೇ ಕೋಣೆ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಮೇಲೆ ಎಂದವನು ಇನ್ನೊಮ್ಮೆ ಕಣ್ಣು ಕಿರಿದು ಮಾಡಿ ನೋಡಿ, ಯಾರೂ ತಿದ್ದದೆ ತಾನೇ "ಕೆಳಗೆ" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದ. ಹಾಡಕ್ಕ 'ಹಾಂ' ಅಂದಾಗ ತನ್ನನ್ನೇ ಹೊಗಳಿದಳೆಂದು ಎದೆಯುಬ್ಬಿಸಿ ಸುತ್ತ ನೋಡಿದ. ಮುಂದಿನ ಪ್ರಶ್ನೆ ನೀಲಿ ಟೋಪಿಯದು.

"ಪೆಟ್ಟಿಗೆ ಒಳಗೆ" ಎಂದು ಒಂದು ಗಡಸು ದನಿ ಕೇಳಿತು. ಎಲ್ಲರೂ ತಿರುಗಿದರು. ನಿರ್ಮಾಪಕರು.

"ಬಾಯಿ ತಪ್ಪಿ ಬಂತು" ಎಂದರು ಅವರು, ಕಿವಿ ಕೆಂಪಾಗಿ. "ಅವಳು ಸುಮ್ನೆ ನಿಂತು ಅಷ್ಟು ಹೊತ್ತು ನೋಡಿದ್ರೆ ಯಾರು ಹೇಳಲ್ಲ?"

ಬಾಗಿಲಾಚೆ ಹಾಡಕ್ಕ ಗೋಡೆ ಹಿಡಿದು ನಕ್ಕಳು.

ಹೀಗೆ ಮೌನಗಳೆಲ್ಲ ಮರಳಿ ಬಂದವು. ಸರಿಪಡಿಸಿದ್ದನ್ನು ಕತ್ತರಿ ಮೊದಲು ಮೆಣಸಿನಕಾಯಿಗೆ ತೋರಿಸಿದ. ಅವಳು ಎಲ್ಲ ಪ್ರಶ್ನೆಗೂ ಕೂಗಿ ಉತ್ತರ ಕೊಟ್ಟು, ಕೊನೆಗೆ ತೀರ್ಪು ಹೇಳಿದಳು: "ಟೋಪಿ ಹತ್ರ ಜಾಸ್ತಿ ಹೊತ್ತು ನಿಂತ್ಲು. ನಂಗೆ ಬೋರಾಯ್ತು." ಅವನು ಹೋಗಿ ಅಲ್ಲೊಂದು ಚೂರು ಮೊಟಕು ಮಾಡಿದ.

ಮುಂದಿನ ಹಾಡಿನ ಚಿತ್ರೀಕರಣಕ್ಕೆ ಹಾಡಕ್ಕ ಅವನನ್ನು ಸ್ಟುಡಿಯೋಗೇ ಕರೆಸಿದಳು. ಅಷ್ಟು ವರ್ಷ ಕತ್ತಲ ಕೋಣೆಯಲ್ಲಿ ಕೂತವನು ದೀಪಗಳ ಝಳಕ್ಕೆ ಕಣ್ಣು ಉಜ್ಜಿಕೊಂಡ. ಅವಳು ಕ್ಯಾಮೆರಾದ ಪಕ್ಕ ಒಂದು ಪುಟ್ಟ ಸ್ಟೂಲು ತೋರಿಸಿದಳು. "ಕೂತ್ಕೊಳ್ಳಿ. ಕ್ಯಾಮೆರಾ ಗಾಜು ನೋಡ್ಕೊಂಡು ಕೇಳೋದಕ್ಕಿಂತ ಒಂದು ಮುಖ ನೋಡ್ಕೊಂಡು ಕೇಳೋದು ಸುಲಭ."

"ನಾನೇನು ಮಾಡ್ಬೇಕು?"

"ಗೊತ್ತಿದ್ರೆ ಹೇಳಿ. ಗೊತ್ತಿಲ್ದಿದ್ರೆ ಹುಡುಕಿ."

ಡೋಲಕ್ಕು ಶುರುವಾಯಿತು. 'ಹಸಿರು ಎಲೆ ಎಲ್ಲಿದೆ' ಎಂದು ಹಾಡಿ ಹಾಡಕ್ಕ ನಿಂತಳು. ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತ ಕತ್ತರಿ, ಅದು ಎಲ್ಲಡಗಿದೆಯೆಂದು ಅತ್ತಿತ್ತ ಕತ್ತು ಚಾಚಿ ನಿಜಕ್ಕೂ ಹುಡುಕತೊಡಗಿದ.