ಕಂದು ಬಾಟಲಿಯ ನೀರು

ಸಿದ್ದಮಲ್ಲಪ್ಪನವರು ಪತ್ತೇದಾರಿ ಕಾದಂಬರಿಯ ಕೊನೆಯ ಪುಟವನ್ನು ಮೊದಲು ಓದುತ್ತಿದ್ದರು. ಬರೆದವನನ್ನೂ ನಂಬದ ಮನುಷ್ಯ ಅಂದರೆ ಅವರೇ. ಮೈಸೂರಿನ ಪ್ರಯೋಗಾಲಯವೊಂದರಲ್ಲಿ ನೀರು, ಮಣ್ಣು, ಕಾಳುಕಡ್ಡಿ ಪರೀಕ್ಷೆ ಮಾಡುತ್ತಲೇ ತಲೆ ನರೆತ ವಿಜ್ಞಾನಿ. ನಿವೃತ್ತರಾಗಿ ನಂಜನಗೂಡಿನ ಮನೆಗೆ ಬಂದ ಮೇಲೂ ಚಾಳಿ ಬಿಡಲಿಲ್ಲ. ಹಾಲಿಗೆ ಎಷ್ಟು ನೀರು, ಕಾಫಿಪುಡಿಗೆ ಎಷ್ಟು ಚಿಕೋರಿ, ರಸಬಾಳೆ ಎಂದು ಮಾರುವ ಹಣ್ಣು ನಿಜಕ್ಕೂ ರಸಬಾಳೆಯೋ ಅಲ್ಲವೋ ಎಂದು ಮೂಸಿ, ನೆಕ್ಕಿ, ಹುಬ್ಬುಗಂಟಿಕ್ಕುತ್ತಿದ್ದರು. ಹಾಗಂತ ಸುಖಪಡಲು ಬಾರದವರಲ್ಲ. ಬೆಳಿಗ್ಗೆ ಕಪಿಲೆಯ ದಡದಲ್ಲಿ ಅಡ್ಡಾಟ, ಆಮೇಲೆ ವಾಚನಾಲಯದಲ್ಲಿ ಒಂದಕ್ಷರ ಬಿಡದೆ ಪೇಪರು, ಹೋಟೆಲಿನಲ್ಲಿ ಬೆಣ್ಣೆ ಹಾಕಿದ ಖಾಲಿ ದೋಸೆ, ಊಟವಾದ ಮೇಲೆ ಎದೆಯ ಮೇಲೆ ಪುಸ್ತಕ ಕವುಚಿಕೊಂಡು ಒಂದು ನಿದ್ದೆ.

ಈ ಸುಖಗಳಲ್ಲೆಲ್ಲ ಪುಟ್ಟಸ್ವಾಮಿಗೆ ಪಾಲಿತ್ತು. ಹಾಲಿನ ಸೊಸೈಟಿಯ ಕಾರ್ಯದರ್ಶಿಯಾಗಿ ನಿವೃತ್ತನಾದವನು, ಮಾತು ಕಡಿಮೆ, ಹಳೆಯದೊಂದು ಲೂನಾ ಇಟ್ಟುಕೊಂಡಿದ್ದ. ಸಿದ್ದಮಲ್ಲಪ್ಪನವರು ಅರ್ಜಿ ಬರೆದರೆ ಜನರನ್ನು ಸೇರಿಸುವವನು ಅವನು. ಬೀದಿದೀಪ, ಬಾಯ್ತೆರೆದ ಚರಂಡಿ, ಶಾಲೆಯ ಮುಂದಿನ ತಿಪ್ಪೆ ಎಂದು ಇಬ್ಬರೂ ಸೇರಿ ಊರಿನ ಎಷ್ಟೋ ಕೆಲಸ ಮಾಡಿಸಿದ್ದರು.

ತೊಂಬತ್ತೆಂಟನೇ ಇಸವಿಯಲ್ಲಿ ಅವರು ಕೈಹಾಕಿದ್ದು ದೊಡ್ಡದಕ್ಕೆ. ಊರಾಚೆ ಹೊಸದಾಗಿ ಬಂದಿದ್ದ ಒಂದು ಬಣ್ಣದ ಕಾರ್ಖಾನೆ ತನ್ನ ಕೊಳೆನೀರನ್ನು ಹಳ್ಳಕ್ಕೆ ಬಿಡುತ್ತಿತ್ತು. ಹಳ್ಳ ಹೊಳೆಗೆ ಸೇರುತ್ತಿತ್ತು. ನದಿಯ ಕೆಳಗಣ ಹಳ್ಳಿಗಳಲ್ಲಿ ದನಗಳ ಬಾಯಿ ಹುಣ್ಣಾಗಿತ್ತು, ಮೀನು ಸತ್ತು ತೇಲಿತ್ತು. ಎಲ್ಲರಿಗೂ ಗೊತ್ತು, ರುಜುವಾತು ಮಾತ್ರ ಇಲ್ಲ. ಕೊನೆಗೆ ಅಧಿಕಾರಿಯೊಬ್ಬರು ತಿರುಮಕೂಡಲು ನರಸೀಪುರದಲ್ಲಿ ವಿಚಾರಣೆ ಇಟ್ಟುಕೊಳ್ಳುವುದಾಗಿಯೂ, ಅಷ್ಟರೊಳಗೆ ನೀರಿನ ಪರೀಕ್ಷೆ ಮಾಡಿಸಬೇಕೆಂದೂ ಹೇಳಿದರು.

ಸರಿಯಾಗಿ ಅದೇ ಹೊತ್ತಿಗೆ ಪುಟ್ಟಸ್ವಾಮಿಯ ಅಳಿಯ ಕೃಷ್ಣನಿಗೆ ಆ ಕಾರ್ಖಾನೆಯಲ್ಲೇ ಕೆಲಸ ಸಿಕ್ಕಿತು. ಪುಟ್ಟಸ್ವಾಮಿ ಅದನ್ನು ಮುಚ್ಚಿಡಲಿಲ್ಲ. "ಮಗಳು ಒಂದು ಕಡೆ ನೆಲೆ ನಿಂತ್ಲು ಸಾ," ಎಂದು ಬಾಳೆಹಣ್ಣು ತಂದುಕೊಟ್ಟ. ಸಿದ್ದಮಲ್ಲಪ್ಪನವರು ಹಣ್ಣು ತಿಂದರು, ಸಂತೋಷ ಅಂದರು. ಆದರೆ ಅನುಮಾನದ ಹುಳ ಒಳಗೆ ಬಿಟ್ಟುಕೊಂಡಾಗಿತ್ತು.

ದೀಪಾವಳಿಯ ಸಾಲುರಜೆ ಬಂತು. ಯಾರೂ ನೋಡುವುದಿಲ್ಲವೆಂದು ಕಾರ್ಖಾನೆಯವರು ಕೊಳೆನೀರನ್ನು ಈಗಲೇ ಬಿಡುತ್ತಾರೆ ಎಂದು ಸಿದ್ದಮಲ್ಲಪ್ಪನವರು ಲೆಕ್ಕ ಹಾಕಿದ್ದು ಸುಳ್ಳಾಗಲಿಲ್ಲ. ಒಬ್ಬರೇ ಮುಂಜಾನೆ ಹಳ್ಳ ಹೊಳೆ ಸೇರುವಲ್ಲಿಗೆ ಹೋಗಿ, ಮೊಣಕಾಲಷ್ಟು ನೀರಿಗಿಳಿದು, ನಾಲ್ಕು ಕಂದು ಗಾಜಿನ ಬಾಟಲಿಗಳಲ್ಲಿ ಗಬ್ಬು ನಾರುವ ನೇರಳೆ ನೀರು ತುಂಬಿ, ಬಾಟಲಿಗಳ ಕತ್ತಿಗೆ ಚೀಟಿ ಕಟ್ಟಿಕೊಂಡು ಬಂದರು. ಬೆಳಕಿಗೆ ನೀರು ಕೆಡಬಾರದೆಂದು ಕಂದು ಬಾಟಲಿ. ಮೈಸೂರಿನ ಪ್ರಯೋಗಾಲಯ ತೆರೆಯುವುದು ಹಬ್ಬ ಕಳೆದ ಮೇಲೆ. ಅಲ್ಲಿಯವರೆಗೆ ಎಲ್ಲಿಡುವುದು? ಓದುವ ಕೋಣೆಗೆ ಪುಟ್ಟಸ್ವಾಮಿ ದಿನವೂ ಬರುತ್ತಾನೆ. ಅಡುಗೆಮನೆಗೆ ಹೆಂಡತಿ ವಿಶಾಲಮ್ಮನ ಗೆಳತಿಯರೆಲ್ಲ ಬರುತ್ತಾರೆ, ಮಾತು ಊರು ತುಂಬುತ್ತದೆ. ಹೆಂಡತಿಗೂ ಹೇಳದೆ ಬಚ್ಚಲುಮನೆಯಲ್ಲಿ ಹಂಡೆಯ ಹಿಂದಿನ ಗೂಡಿನಲ್ಲಿಟ್ಟರು. ಅಲ್ಲಿ ಯಾವ ಕಳ್ಳ ತಾನೇ ಹುಡುಕಿಯಾನು ಎಂದು ತಮ್ಮ ಬುದ್ಧಿಯನ್ನು ತಾವೇ ಮೆಚ್ಚಿಕೊಂಡರು.

ಹೊಳೆಗಿಳಿದದ್ದಕ್ಕೆ ಜ್ವರ ಬಂತು. ಹಬ್ಬವೆಲ್ಲ ಕಂಬಳಿಯೊಳಗೇ ಕಳೆಯಿತು. ಪ್ರಯೋಗಾಲಯ ತೆರೆಯುವ ದಿನವೂ ಎದ್ದು ನಿಲ್ಲಲಾಗಲಿಲ್ಲ.

"ನಾನೇ ಕೊಟ್ಟು ಬತ್ತೀನಿ ಬುಡಿ ಸಾ. ಈ ಚಳೀಲಿ ನೀವ್ಯಾಕೆ ಓಗ್ತೀರಿ," ಎಂದ ಪುಟ್ಟಸ್ವಾಮಿ.

ಬೇರೆ ದಾರಿ ಇರಲಿಲ್ಲ. ಸಿದ್ದಮಲ್ಲಪ್ಪನವರು ಬಚ್ಚಲಿಗೆ ತೂರಾಡುತ್ತ ಹೋಗಿ ಮೂರು ಬಾಟಲಿ ತಂದರು. ಒಂದನ್ನು, ಮುಂದೆ ಬೇಕಾದೀತೆಂದು, ಗೂಡಿನಲ್ಲೇ ಬಿಟ್ಟರು. ಪುಟ್ಟಸ್ವಾಮಿಯ ಕಣ್ಣೆದುರೇ ಮುಚ್ಚಳಗಳಿಗೆ ಅರಗು ಕರಗಿಸಿ ಮೊಹರು ಹಾಕಿದರು. ಪುಟ್ಟಸ್ವಾಮಿ ಅರಗನ್ನೂ ನೋಡಿದ, ಅವರ ಮುಖವನ್ನೂ ನೋಡಿದ. ಬಾಟಲಿಗಳನ್ನು ಟವೆಲಿನಲ್ಲಿ ಸುತ್ತಿ ಲೂನಾದ ಬುಟ್ಟಿಯಲ್ಲಿಟ್ಟುಕೊಂಡು ಹೋದ. ಸಂಜೆ ವಾಪಸು ಬಂದಾಗ, ದಾರಿಯಲ್ಲಿ ಎಲ್ಲಿ ನಿಂತೆ, ಯಾರು ಸಿಕ್ಕಿದರು ಎಂದು ಸಿದ್ದಮಲ್ಲಪ್ಪನವರು ಸುತ್ತಿಬಳಸಿ ಕೇಳಿದರು. ತಾಂಡವಪುರದಲ್ಲಿ ಟೀ ಕುಡಿದೆ ಅಂದ. ಅವರ ಅನುಮಾನಕ್ಕೆ ಅಷ್ಟು ಸಾಕಾಯಿತು.

ವಿಚಾರಣೆಯ ದಿನ ನರಸೀಪುರದ ಪ್ರವಾಸಿ ಮಂದಿರದಲ್ಲಿ ಹಳ್ಳಿಯ ಜನ ಕಿಕ್ಕಿರಿದಿದ್ದರು. ಅವರನ್ನು ಊರೂರಿಗೆ ಹೋಗಿ ಕರೆದು ತಂದವನು ಪುಟ್ಟಸ್ವಾಮಿಯೇ. ಅಧಿಕಾರಿ ವರದಿ ಬಿಚ್ಚಿದರು. ನೀರಿನಲ್ಲಿ ಬಣ್ಣವಿಲ್ಲ, ವಿಷವಿಲ್ಲ, ಏನೂ ಇಲ್ಲ. ಸ್ವಲ್ಪ ಗಡಸು ಅನ್ನುವುದು ಬಿಟ್ಟರೆ ಕುಡಿಯಲು ಅಡ್ಡಿಯಿಲ್ಲ.

ಕಾರ್ಖಾನೆಯ ಮ್ಯಾನೇಜರು ನಗು ತಡೆದುಕೊಂಡ. ಹಿಂದಿನಿಂದ ಯಾರೋ, "ಇದುಕ್ಕೆ ವಿಜ್ಞಾನಿ ಬೇರೆ ಬೇಕಿತ್ತಾ," ಅಂದರು. ಜೀವಮಾನದಲ್ಲಿ ಒಂದು ಪರೀಕ್ಷೆಯಲ್ಲೂ ತಪ್ಪದ ಸಿದ್ದಮಲ್ಲಪ್ಪನವರಿಗೆ ನೆತ್ತಿಗೆ ರಕ್ತ ಏರಿತು.

"ನಾನು ತುಂಬಿದ ನೀರಲ್ಲ ಇದು. ಬದಲಾಯಿಸಿದಾರೆ," ಎಂದು ಎದ್ದು ನಿಂತರು. "ನನ್ನ ಕೈಯಿಂದ ಪ್ರಯೋಗಾಲಯಕ್ಕೆ ಹೋಗುವ ತನಕ ಅದು ಒಬ್ಬರ ಕೈಯಲ್ಲಿತ್ತು. ಅವರ ಅಳಿಯ ಯಾರ ಅನ್ನ ತಿಂತಾನೆ ಅಂತ ಕೇಳಿ."

ಬೆರಳು ತೋರಿಸಬೇಕಾಗಲಿಲ್ಲ. ಜನರ ಕಣ್ಣೆಲ್ಲ ಪುಟ್ಟಸ್ವಾಮಿಯ ಮೇಲೆ ಬಿತ್ತು. ಅವನ ಪಕ್ಕ ಕೂತಿದ್ದ ರೈತನೊಬ್ಬ ಅಷ್ಟು ದೂರ ಸರಿದು ಕೂತ. ಪುಟ್ಟಸ್ವಾಮಿ ಎದ್ದ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ತಪ್ಪಿಲ್ಲದವನಾಗಿದ್ದರೆ ಜಗಳಕ್ಕೆ ನಿಲ್ಲುತ್ತಿರಲಿಲ್ಲವೇ ಎಂದುಕೊಂಡರು ಸಿದ್ದಮಲ್ಲಪ್ಪನವರು.

ಬಸ್ಸಿನಲ್ಲಿ ಬರುವಾಗ ಬಚ್ಚಲುಮನೆಯಲ್ಲಿ ಉಳಿದ ಬಾಟಲಿಯದೇ ಧ್ಯಾನ. ಅದು ಪುಟ್ಟಸ್ವಾಮಿಯ ಕೈಗೆ ಸಿಕ್ಕಿರಲಿಲ್ಲ. ಅದರ ನೇರಳೆ ನೀರನ್ನು ಅಧಿಕಾರಿಯ ಮೇಜಿನ ಮೇಲೆ ಸುರಿದರೆ ಎಲ್ಲರ ಬಾಯಿ ಮುಚ್ಚುತ್ತದೆ. ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಒಳಹೋಗಿ ಬಾಟಲಿಯನ್ನು ಬಿಳಿ ಬಟ್ಟಲಿಗೆ ಬಗ್ಗಿಸಿದರು.

ತಿಳಿನೀರು. ಬೆರಳಲ್ಲಿ ಮುಟ್ಟಿದರು, ಮೂಸಿದರು, ಕೈಗೆ ಸೋಪು ಹಚ್ಚಿ ಉಜ್ಜಿದರು. ನೊರೆ ಬರಲಿಲ್ಲ, ಸೋಪು ಒಡೆದ ಹಾಲಿನಂತೆ ಗರಣೆಗಟ್ಟಿತು. ಇಷ್ಟು ಗಡಸು ನೀರು ಹೊಳೆಯದಲ್ಲ. ಇದು ತಮ್ಮದೇ ಹಿತ್ತಲ ಬಾವಿಯದು. ಬೇಳೆ ಬೇಯುವುದಿಲ್ಲವೆಂದು ದಿನಾ ಬೈಸಿಕೊಳ್ಳುವ ಬಾವಿಯದು.

"ವಿಶಾಲೂ," ಎಂದು ಕೂಗಿದರು. "ಬಚ್ಚಲಿಗೆ ಯಾರು ಬಂದಿದ್ದರು? ನಿಜ ಹೇಳು. ಪುಟ್ಟಸ್ವಾಮಿ ಬಂದಿದ್ನಾ?"

"ಬಚ್ಚಲಿಗೆ ಪುಟ್ಟಸ್ವಾಮಿ ಯಾಕ್ ಬರ್ತಾರೆ, ನಿಮಗೇನು ತಲೆ ಕೆಟ್ಟಿದ್ಯಾ?" ವಿಶಾಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಬಟ್ಟಲು ನೋಡಿ, "ಓ, ಈ ಬಾಟ್ಲಿಗಳಾ. ನೀರು ತುಂಬೋ ಹಬ್ಬದ ದಿನ ನಾನೇ ತೊಳೆದು ತುಂಬಿಟ್ಟಿದ್ದು. ಒಳಗೆ ಅದೆಂಥದೋ ಕೊಳೆನೀರು ನಾರ್ತಿತ್ತು. ಹಬ್ಬದ ದಿನ ಮನೇಲಿ ಹಳೇ ನೀರು ಇಡ್ತಾರಾ? ಹಂಡೆ, ಕೊಡ, ಚೊಂಬು ಎಲ್ಲ ತಿಕ್ಕಿ ತುಂಬಿದೆ. ಇದ್ಯಾಕೆ ಬರಿದಾಗಿರ್ಬೇಕು ಅಂತ ಇದನ್ನೂ ತುಂಬಿದೆ. ಕತ್ತಿಗೆ ಕಟ್ಟಿದ್ದ ಚೀಟಿ ಒದ್ದೆಯಾಗ್ದಂಗೆ ತೆಗೆದು ಮತ್ತೆ ಕಟ್ಟಿದೀನಿ, ನೋಡ್ಕೊಳಿ."

ಸಿದ್ದಮಲ್ಲಪ್ಪನವರು ಬಚ್ಚಲ ಹೊಸ್ತಿಲ ಮೇಲೆ ಕೂತುಬಿಟ್ಟರು.

"ಬೇಕಾದ್ದು ಅಂತ ಒಂದು ಮಾತು ಹೇಳಿದ್ರೆ ನಾನ್ಯಾಕೆ ಮುಟ್ತಿದ್ದೆ? ನಿಮ್ಮ ಕೋಣೇಲಿರೋ ಬಾಟ್ಲಿ ಯಾವತ್ತಾದ್ರೂ ಮುಟ್ಟಿದೀನಾ?" ಎಂದರು ವಿಶಾಲಮ್ಮ. ಮುಟ್ಟಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಮುಟ್ಟಿರಲಿಲ್ಲ. ಹೊಳೆಯ ನೀರನ್ನು ಇನ್ನೊಮ್ಮೆ ತುಂಬಬಹುದಿತ್ತು. ಆಡಿದ ಮಾತನ್ನು ಏನು ಮಾಡುವುದು?

ಸಂಜೆಯೇ ಪುಟ್ಟಸ್ವಾಮಿಯ ಮನೆಗೆ ಹೋದರು. ಬಾಗಿಲು ತೆಗೆದವಳು ಅವನ ಹೆಂಡತಿ ಚಿಕ್ಕಮಾದಮ್ಮ. ಒಳಗೆ ಬನ್ನಿ ಅನ್ನಲಿಲ್ಲ. ಅವಳ ಹಿಂದೆ, ಕೆಲಸದ ದಿನವಾಗಿದ್ದರೂ, ಕೃಷ್ಣ ಗೋಡೆಗೊರಗಿ ಕೂತಿದ್ದ. ಪುಟ್ಟಸ್ವಾಮಿ ಜಗುಲಿಗೆ ಬಂದ. ಸಿದ್ದಮಲ್ಲಪ್ಪನವರು ನಿಂತಲ್ಲೇ ಎಲ್ಲ ಹೇಳಿದರು. ಹಬ್ಬ, ಹಂಡೆ, ಬಾವಿ, ಯಾವುದನ್ನೂ ಬಿಡಲಿಲ್ಲ. ನರಸೀಪುರಕ್ಕೆ ಮತ್ತೆ ಹೋಗಿ, ಅದೇ ಜನರ ಮುಂದೆ, ತಪ್ಪು ನನ್ನದು ಎನ್ನುತ್ತೇನೆ ಎಂದರು. ಕೈ ಮುಗಿದರು.

"ಓಗ್ಲಿ ಬುಡಿ ಸಾ. ಅಮ್ಮಾರು ಮಾಡಿದ್ದು ಸರಿ, ಅಬ್ಬದ ದಿನ ಅಲ್ವಾ," ಎಂದ ಪುಟ್ಟಸ್ವಾಮಿ.

"ಓಗ್ಲಿ ಅಂದ್ರೆ ಎಂಗಾಯ್ತದೆ?" ಚಿಕ್ಕಮಾದಮ್ಮ ಬಾಗಿಲಿಂದ ಈಚೆ ಬಂದಳು. "ನಿಮ್ ಜೊತೆ ಓಡಾಡ್ತಾರೆ ಅಂತ ಅಬ್ಬಕ್ಕೂ ಮುಂಚೆನೇ ಅಳೀನ ಕೆಲ್ಸದಿಂದ ತೆಗುದ್ರು. ನಿಮಗೆ ಬೇಜಾರಾಯ್ತದೆ ಅಂತ ಇವ್ರು ಬಾಯಿ ಬುಡ್ನಿಲ್ಲ."

ಸಿದ್ದಮಲ್ಲಪ್ಪನವರು ಕೃಷ್ಣನ ಕಡೆ ನೋಡಿದರು. ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸುವುದಕ್ಕೆ ಮುಂಚೆ ಇನ್ನೊಂದು ಅನುಮಾನ ತಲೆ ಎತ್ತಿತು. ನಿಜವೇ, ಇಲ್ಲ ಈಗ ಕಟ್ಟಿ ಹೇಳುತ್ತಿದ್ದಾರೆಯೇ? ಹಬ್ಬಕ್ಕೂ ಮುಂಚೆ ಅಂದರೆ ಯಾವಾಗ? ಅವರು ಅದನ್ನು ಕೇಳಲಿಲ್ಲ. ತಮ್ಮ ಮನಸ್ಸಿಗೆ ತಾವೇ ಹೇಸಿ ಕಣ್ಣು ತಗ್ಗಿಸಿದರು.

ಪುಟ್ಟಸ್ವಾಮಿ ಅವರ ಮುಖವನ್ನೇ ನೋಡುತ್ತಿದ್ದ. ಅಷ್ಟು ವರ್ಷ ಜೊತೆಯಲ್ಲಿ ನಡೆದವನಿಗೆ ಆ ಮುಖ ಓದಲು ಕಷ್ಟವೇ?

"ನಾಳೆ ಕಾರ್ಖಾನೆ ಗೇಟ್‌ತಾವ ವಿಚಾರಿಸ್ಕೊಳಿ ಸಾ," ಎಂದ ಸಮಾಧಾನವಾಗಿ. "ವಾಚ್‌ಮನ್ ಯೋಳ್ತಾನೆ." ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.